ಆಲ್ಟಮಾಂಟ್ ಇಳಿಜಾರಿನಲ್ಲಿ ಟ್ರೇಲರ್ ಸ್ವೇ ನಿಲ್ಲುತ್ತಿಲ್ಲ, ಹಿಚ್ ಬಿಗಿ ಮಾಡಿಸಿದರೂ ಅಷ್ಟೇ

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಸಾಕಾಗಿ ಹೋಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮದು ಪಿಕಪ್ ಹಿಂದೆ ಕಟ್ಟಿ ಎಳೆಯುವ 24 ಅಡಿ ಕ್ಯಾಂಪಿಂಗ್ ಟ್ರೇಲರ್, ಎರಡು ಆಕ್ಸಲ್. ಕ್ಯಾಲಿಫೋರ್ನಿಯಾದ ಫ್ರೀಮಾಂಟಿಂದ ಯೊಸೆಮಿಟಿ ಕಡೆ ಹೊರಟಾಗ 580 ಹೆದ್ದಾರಿಯಲ್ಲಿ ಆಲ್ಟಮಾಂಟ್ ಘಾಟ್ ದಾಟಿ ಇಳಿಯುವಾಗ ಟ್ರೇಲರ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆಯಲು ಶುರು ಮಾಡುತ್ತದೆ, ಸ್ವೇ ಅನ್ನುತ್ತಾರಲ್ಲ ಅದೇ. ಪಕ್ಕದಲ್ಲಿ ದೊಡ್ಡ ಲಾರಿ ಹಾದು ಹೋದರಂತೂ ಕೇಳುವುದೇ ಬೇಡ, ಇಡೀ ಗಾಡಿಯನ್ನೇ ಅಲ್ಲಾಡಿಸಿ ಬಿಡುತ್ತದೆ. ಹಿಂದಿನ ಸೀಟಲ್ಲಿ ಮಕ್ಕಳು ಅಳುತ್ತಾರೆ. ಇನ್ನು ಮುಂದೆ ಈ ಟ್ರೇಲರ್ ಜೊತೆ ನಾನು ಬರುವುದಿಲ್ಲ ಅಂತ ಮನೆಯವಳು ಹೇಳಿ ಆಗಿದೆ.

ಎಳೆಯುವ ಗಾಡಿ ಹಾಫ್ ಟನ್ (ದೊಡ್ಡ ಪಿಕಪ್ಪುಗಳಲ್ಲಿ ಹಗುರ ದರ್ಜೆಯ) ಪಿಕಪ್, ಬ್ರೋಷರ್ ಪ್ರಕಾರ 11,000 ಪೌಂಡ್ ಎಳೆಯುತ್ತದೆ. ಟ್ರೇಲರ್ 5,200 ಪೌಂಡ್ ಅಷ್ಟೇ. ಹಾಗಾಗಿ ತೂಕದ ಮಾತು ಬೇಡ. ಹಿಚ್ (ಟ್ರೇಲರನ್ನು ಪಿಕಪ್ಪಿಗೆ ಕೂಡಿಸುವ ಜೋಡಣೆ) ವೇಟ್ ಡಿಸ್ಟ್ರಿಬ್ಯೂಷನ್ ಥರದ್ದು, ಅಂದರೆ ಬಾರುಗಳಿಂದ ಭಾರವನ್ನು ಮುಂದಿನ ಚಕ್ರಕ್ಕೂ ಹಂಚುವಂಥದ್ದು, ಓಲಾಟ ಹಿಡಿಯುವ ಫ್ರಿಕ್ಷನ್ ಸ್ವೇ ಬಾರೂ ಇದೆ. ಡೀಲರ್ ಹತ್ತಿರ ಹೋದರೆ ಆ ಬಾರುಗಳ ಚೈನ್ ಒಂದು ಕೊಂಡಿ ಬಿಗಿ ಮಾಡಿ ಕಳಿಸಿದರು. ಏನೂ ಬದಲಾಗಲಿಲ್ಲ. ಯಾವ ಹಿಚ್ ತಗೊಂಡರೆ ಇದು ನಿಲ್ಲುತ್ತದೆ, ಅಷ್ಟು ಹೇಳಿ ಸಾಕು.

ಬಯಲುಸೀಮೆ ಡ್ರೈವರ್
ಹಿಚ್ ಅಲ್ಲ ಸರ್, ಟೈರು. ಪಿಕಪ್ ಟೈರ್ ಪಕ್ಕ ನೋಡಿ, ನಂಬರ್ ಮುಂದೆ ಪಿ ಅಂತ ಇದೆಯೋ ಎಲ್‌ಟಿ ಅಂತ ಇದೆಯೋ? ಪಿ ಅಂದರೆ ಕಾರಿನ ಥರದ ಟೈರು, ಇನ್ನೊಂದು ಲೈಟ್ ಟ್ರಕ್ಕಿನದು. ಪಿ ಟೈರಿನ ಪಕ್ಕ ಮೆತ್ತಗಿರುತ್ತದೆ, ಹಿಂದೆ ಭಾರ ಬಿದ್ದರೆ ಅದು ಆ ಕಡೆ ಈ ಕಡೆ ಬಾಗುತ್ತದೆ. ಟ್ರೇಲರಿಗೆ ಗಾಳಿ ಎಷ್ಟು ಹಾಕಿದ್ದೀರಿ? ಎಸ್‌ಟಿ (ಟ್ರೇಲರಿಗೆಂದೇ ಮಾಡಿದ) ಟೈರಿಗೆ ಪಕ್ಕದಲ್ಲಿ ಬರೆದಿರುವಷ್ಟು ಪೂರ್ತಿ ಹಾಕಬೇಕು, ಅದೂ ಬೆಳಗ್ಗೆ ಟೈರ್ ತಣ್ಣಗಿರುವಾಗ. ಲೋಡ್ ರೇಂಜ್ (ಭಾರ ಹೊರುವ ದರ್ಜೆ) ಡಿ ಆದರೆ 65 ಪಿಎಸ್‌ಐ, ಇ ಆದರೆ 80.

ತುಂಗಾತೀರ
ಪಿಕಪ್ಪಿಗೆ ಪಿ ಟೈರೇ. ಟ್ರೇಲರಿಗೆ ಡಿ, 65 ಹಾಕಿದ್ದೇನೆ.

ಬಯಲುಸೀಮೆ ಡ್ರೈವರ್
ಅಲ್ಲಿಗೆ ಗೊತ್ತಾಯಿತಲ್ಲ! ನಾಲ್ಕೂ ಎಲ್‌ಟಿ ಹಾಕಿಸಿ. ಟ್ರೇಲರ್ ಟೈರಿನ ವಯಸ್ಸನ್ನೂ ನೋಡಿ. ಟೈರಿನ ಪಕ್ಕ ಅಚ್ಚೊತ್ತಿದ ಡಾಟ್ (DOT) ನಂಬರಿನ ಕೊನೆಯ ನಾಲ್ಕು ಅಂಕಿ. 2319 ಅಂದರೆ 2019ರ 23ನೇ ವಾರ. ಮೇಲೆ ಬಟನ್ (ಟ್ರೆಡ್) ಚೆನ್ನಾಗಿ ಕಾಣುತ್ತದೆ ಅಂತ ಆರು ವರ್ಷ ದಾಟಿದ್ದನ್ನು ಇಟ್ಟುಕೊಳ್ಳಬೇಡಿ. ಟ್ರೇಲರ್ ಟೈರ್ ಸವೆದು ಸಾಯುವುದಿಲ್ಲ, ನಿಂತಲ್ಲೇ ಬಿಸಿಲಿಗೆ ಸಾಯುತ್ತದೆ.

ಡಲ್ಲಾಸ್ ಗೌಡ
ಹಾಫ್ ಟನ್ನಿನಲ್ಲಿ ಯಾಕೆ ಒದ್ದಾಡುತ್ತೀರಿ? ನನ್ನದು ಒಂದು ಟನ್ ಡೀಸೆಲ್, ಎಕ್ಸಾಸ್ಟ್ ಬ್ರೇಕ್ ಇದೆ, ಹಿಂದೆ 33 ಅಡಿ ಟ್ರೇಲರ್. ಐ-20ರಲ್ಲಿ ಆರಾಮಾಗಿ 75ಕ್ಕೆ ಹೋಗುತ್ತೇನೆ. ಹಿಂದೆ ಏನೋ ಇದೆ ಅಂತಲೇ ಗೊತ್ತಾಗುವುದಿಲ್ಲ.

ಬಯಲುಸೀಮೆ ಡ್ರೈವರ್
ಗೌಡ್ರೇ, ಎಸ್‌ಟಿ ಟೈರು ಎಷ್ಟೋ 65 ಮೈಲಿಗೇ ಮಾಡಿದವು. ನಿಮ್ಮ ಟೈರಿನ ಮೇಲೆ ಸ್ಪೀಡ್ ರೇಟಿಂಗ್ ಅಕ್ಷರ ಏನಿದೆ ನೋಡಿ ಆಮೇಲೆ ಮಾತಾಡಿ.

ಡಲ್ಲಾಸ್ ಗೌಡ
ನೋಡಿಯೇ ತಗೊಂಡಿದ್ದು ಸ್ವಾಮಿ. ಟೆಕ್ಸಾಸ್ ಬಿಸಿಲಲ್ಲಿ ಓಡಿಸುವವನಿಗೆ ಟೈರ್ ಪಾಠ ಬೇಡ.

ಕಬ್ಬಿನಗದ್ದೆ
ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವ ಗಾಡಿಗೆ ಕಾನೂನಿನ ಮಿತಿಯೇ 55 ಮೈಲಿ. 75ರ ಮಾತು ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ತುಂಗಾತೀರ ಅವರೇ, ಸ್ವಲ್ಪ ಸರಿಯಾಗಿ ಹೇಳಿ. ಸ್ವೇ ಶುರುವಾಗುವಾಗ ಸ್ಪೀಡ್ ಎಷ್ಟು? ನೀರಿನ ಟ್ಯಾಂಕಲ್ಲಿ ಎಷ್ಟಿತ್ತು? ಟ್ಯಾಂಕ್ ಆಕ್ಸಲ್ಲಿಗಿಂತ ಮುಂದಿದೆಯೋ ಹಿಂದಿದೆಯೋ? ಹಿಂದಿನ ಬಂಪರ್ ಮೇಲೆ ಏನಾದರೂ ಹೇರಿದ್ದೀರಾ? ಟಂಗ್ ವೇಟ್, ಅಂದರೆ ಟ್ರೇಲರಿನ ಮೂತಿ ಹಿಚ್ ಮೇಲೆ ಊರುವ ಭಾರ, ಎಷ್ಟು? 5,200 ಅಂದಿರಲ್ಲ, ಅದು ಕಂಪನಿಯವರು ಬರೆದ ಖಾಲಿ ತೂಕವೋ ನೀವು ತೂಗಿಸಿದ್ದೋ?

ತುಂಗಾತೀರ
ಸ್ಪೀಡ್ 60ರ ಮೇಲೆ, ಎಲ್ಲರೂ ಹಾಗೇ ಹೋಗುತ್ತಾರಲ್ಲ. ನೀರು ಫುಲ್, 42 ಗ್ಯಾಲನ್, ಅಲ್ಲಿ ಹುಕ್‌ಅಪ್ (ನೀರು, ಕರೆಂಟಿನ ಸಂಪರ್ಕ) ಇರುವುದಿಲ್ಲ ಅಂತ ಮನೆಯಲ್ಲೇ ತುಂಬಿಸಿಕೊಂಡು ಹೋಗುತ್ತೇವೆ. ಟ್ಯಾಂಕ್ ಹಿಂದಿನ ಮಂಚದ ಕೆಳಗೆ. ಹಿಂದೆ ಸೈಕಲ್ ರ‍್ಯಾಕ್ ಇದೆ, ನಾಲ್ಕು ಸೈಕಲ್. ಅದೆಲ್ಲ ಮಾಮೂಲು ಅಲ್ವಾ? ಟಂಗ್ ವೇಟ್ ಬ್ರೋಷರಲ್ಲಿ 610 ಇದೆ.

ಬಯಲುಸೀಮೆ ಡ್ರೈವರ್
ಸೈಕಲ್ ಎಲ್ಲ ಆಮೇಲೆ. ಮೊದಲು ಟೈರ್ ಬದಲಿಸಿ ನೋಡಿ ಸರ್. ನನ್ನ ಗಾಡಿಯಲ್ಲಿ ಎಲ್‌ಟಿ ಹಾಕಿದ ದಿನವೇ ವ್ಯತ್ಯಾಸ ಗೊತ್ತಾಯಿತು.

ಕಬ್ಬಿನಗದ್ದೆ
ಟೈರ್ ಬದಲಿಸಿದರೆ ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ಇಲ್ಲಿ ಮೂಲ ಬೇರೆ ಇದೆ.

ಟ್ರೇಲರಿನ ಒಟ್ಟು ತೂಕದಲ್ಲಿ 10ರಿಂದ 15 ಪರ್ಸೆಂಟ್ ಹಿಚ್ ಬಾಲ್ ಮೇಲೆ ಬೀಳಬೇಕು. ಅದಕ್ಕಿಂತ ಕಮ್ಮಿ ಆದರೆ, ಗಾಳಿಯೋ ಲಾರಿಯೋ ಒಮ್ಮೆ ತಳ್ಳಿದಾಗ ಶುರುವಾದ ಓಲಾಟ ತಾನಾಗಿ ಅಡಗುವುದಿಲ್ಲ. ಸ್ಪೀಡ್ ಏರಿದಷ್ಟೂ ಜಾಸ್ತಿ ಆಗುತ್ತದೆ. ಒಂದು ಗ್ಯಾಲನ್ ನೀರು 8.34 ಪೌಂಡ್. 42 ಗ್ಯಾಲನ್ ಅಂದರೆ 350 ಪೌಂಡ್, ಅದೂ ಆಕ್ಸಲ್ಲಿನ ಹಿಂದೆ. ಅದರಾಚೆ ಬಂಪರಿನ ತುದಿಯಲ್ಲಿ ನಾಲ್ಕು ಸೈಕಲ್. ಎರಡೂ ಸೇರಿ ಮೂತಿಯನ್ನು ಮೇಲೆ ಎತ್ತುತ್ತಿವೆ. ಬ್ರೋಷರಿನ 610 ಖಾಲಿ ಟ್ರೇಲರಿನದು, ಅದನ್ನು ಮರೆತು ಬಿಡಿ.

ಹೊಸ ಹಿಚ್ಚಿಗೆ ದುಡ್ಡು ಹಾಕಬೇಡಿ. ಸ್ವೇ ಬಾರ್ ಓಲಾಟವನ್ನು ಸ್ವಲ್ಪ ಹಿಡಿಯುತ್ತದೆ ಅಷ್ಟೇ, ತಪ್ಪಾಗಿ ಹೇರಿದ ಭಾರವನ್ನು ಸರಿ ಮಾಡುವುದಿಲ್ಲ. ಲಾರಿ ನಿಲ್ಲುವ ಟ್ರಕ್ ಸ್ಟಾಪುಗಳಲ್ಲಿ ಕ್ಯಾಟ್ ಸ್ಕೇಲ್ ಇರುತ್ತದೆ, ನಮ್ಮೂರಿನ ವೇಬ್ರಿಡ್ಜೇ. ಟ್ರೇಲರ್ ಸಮೇತ ಒಮ್ಮೆ ತೂಗಿಸಿ, ವೇಟ್ ಡಿಸ್ಟ್ರಿಬ್ಯೂಷನ್ ಬಾರ್ ಬಿಚ್ಚಿಟ್ಟು. ಆಮೇಲೆ ಟ್ರೇಲರನ್ನು ಪಕ್ಕದಲ್ಲಿ ನಿಲ್ಲಿಸಿ ಪಿಕಪ್ ಒಂದನ್ನೇ ತೂಗಿಸಿ, ಮನೆಯವರೆಲ್ಲ ಒಳಗೆ ಕೂತಿರಲಿ. ಚೀಟಿ ಇಲ್ಲಿ ಹಾಕಿ.

ಹುಬ್ಬಳ್ಳಿ ಹೈವೇ
42 ಗ್ಯಾಲನ್ ಯಾಕ್ರೀ ಮನೆಯಿಂದಲೇ? ದಾರಿಯಲ್ಲಿ ಕ್ಯಾಂಪಿನ ಹತ್ತಿರ ಎಲ್ಲಾದರೂ ತುಂಬಿಸಿಕೊಳ್ಳಿ. ನಾವಂತೂ ನೀರಿಗಿಂತ ಕರೆಂಟಿಗೆ ಒದ್ದಾಡುತ್ತಿದ್ದೆವು. ಈಗ ಛಾವಣಿ ಮೇಲೆ ಸೋಲಾರ್, ಒಳಗೆ 400 ಆಂಪಿಯರ್ ಅವರ್ ಲಿಥಿಯಂ, 3,000 ವಾಟ್ ಇನ್ವರ್ಟರ್. ಕಾಡಿನ ಮಧ್ಯೆ ಮಿಕ್ಸಿ ಹಾಕಿ ಚಟ್ನಿ ರುಬ್ಬುತ್ತೇವೆ.

ಶರಾವತಿ
ಮಿಕ್ಸಿ ಊರಿಂದ ತಂದದ್ದೋ ಇಲ್ಲಿಯದೋ? ಊರಿನದು 230 ವೋಲ್ಟ್ ಅಲ್ವಾ?

ಹುಬ್ಬಳ್ಳಿ ಹೈವೇ
ಇಲ್ಲಿಯ 110ರದ್ದೇ ಮೇಡಂ. ವೆಟ್ ಗ್ರೈಂಡರೂ ಓಡುತ್ತದೆ. ಫೋಟೋ ಹಾಕುತ್ತೇನೆ.

ಡಲ್ಲಾಸ್ ಗೌಡ
ಲಿಥಿಯಂ ಎಲ್ಲಿಟ್ಟಿದ್ದೀರಿ? ನಮ್ಮದು ಟಂಗ್ ಮೇಲಿನ ಡಬ್ಬಿಯಲ್ಲಿ ಇತ್ತು, ಚಳಿಗಾಲಕ್ಕೆ ಒಳಗೆ ತಂದೆ. ಸೊನ್ನೆ ಡಿಗ್ರಿ ಕೆಳಗೆ ಚಾರ್ಜ್ ಮಾಡಿದರೆ ಸೆಲ್ ಹಾಳು.

ತುಂಗಾತೀರ
ದಯವಿಟ್ಟು ಬ್ಯಾಟರಿ ವಿಷಯ ಬೇರೆ ಕಡೆ ಮಾತಾಡಿ. ತೂಗಿಸಿಕೊಂಡು ಬಂದೆ. ಹೊರಡುವಾಗ ಹೇರುವಷ್ಟೇ ಹೇರಿದ್ದೆ, ನೀರು ಫುಲ್, ಸೈಕಲ್ ಹಿಂದೆ, ಬಾರ್ ಬಿಚ್ಚಿ.
ಟ್ರೇಲರ್ ಸಮೇತ: ಮುಂದಿನ ಆಕ್ಸಲ್ 2,860, ಹಿಂದಿನದು 3,600, ಟ್ರೇಲರ್ ಆಕ್ಸಲ್ 5,780.
ಪಿಕಪ್ ಒಂದೇ: ಮುಂದೆ 3,080, ಹಿಂದೆ 2,900.
ಇದರಲ್ಲಿ ಏನು ನೋಡಬೇಕು?

ಕಬ್ಬಿನಗದ್ದೆ
ಬಹಳ ಒಳ್ಳೆಯ ಕೆಲಸ ಮಾಡಿದಿರಿ. ಪಿಕಪ್ಪಿನ ಎರಡು ಆಕ್ಸಲ್ ಕೂಡಿ, ಟ್ರೇಲರ್ ಸಮೇತ 6,460, ಬಿಡಿಯಾಗಿ 5,980. ವ್ಯತ್ಯಾಸ 480. ಅದೇ ನಿಮ್ಮ ಟಂಗ್ ವೇಟ್. ಅದಕ್ಕೆ 5,780 ಸೇರಿಸಿದರೆ ಟ್ರೇಲರಿನ ಪೂರ್ತಿ ತೂಕ 6,260. 5,200 ಅಲ್ಲ. 480 ಅಂದರೆ 8 ಪರ್ಸೆಂಟೂ ಇಲ್ಲ.

ಮುಂದಿನ ಆಕ್ಸಲ್ ನೋಡಿ, 220 ಪೌಂಡ್ ಹಗುರ ಆಗಿದೆ. ಮಂಡ್ಯದ ಕಡೆ ಕಬ್ಬು ಹೇರಿದ ಟ್ರಾಕ್ಟರಿನ ಮುಂದಿನ ಚಕ್ರ ಏರಿನಲ್ಲಿ ನೆಲ ಬಿಡುತ್ತದಲ್ಲ, ಅದೇ ಲೆಕ್ಕ, ಇಲ್ಲಿ ಸ್ವಲ್ಪ ಪ್ರಮಾಣದಲ್ಲಿ. ಅದನ್ನು ವಾಪಸ್ ಮುಂದಕ್ಕೆ ತಳ್ಳುವುದಕ್ಕೇ ವೇಟ್ ಡಿಸ್ಟ್ರಿಬ್ಯೂಷನ್ ಬಾರ್ ಇರುವುದು. ಆದರೆ ಟಂಗ್ ಮೇಲೆ ತೂಕವೇ ಕಮ್ಮಿ ಇದ್ದಾಗ ಬಾರ್ ಬಿಗಿ ಮಾಡಿ ಉಪಯೋಗವಿಲ್ಲ. ಡೀಲರ್ ಒಂದು ಕೊಂಡಿ ಬಿಗಿ ಮಾಡಿದರೂ ಬದಲಾಗದೇ ಇದ್ದದ್ದು ಅದಕ್ಕೇ.

ಹಿಚ್ಚಿಂದ ಟ್ರೇಲರ್ ಆಕ್ಸಲ್ಲಿಗೆ ಸುಮಾರು 15 ಅಡಿ ಅಂದುಕೊಳ್ಳಿ. ಸೈಕಲ್ಲು, ರ‍್ಯಾಕ್ ಸೇರಿ 200 ಪೌಂಡ್, ಆಕ್ಸಲ್ಲಿಂದ ಹತ್ತೂವರೆ ಅಡಿ ಹಿಂದೆ. 200ನ್ನು 10.5ರಿಂದ ಗುಣಿಸಿ 15ರಿಂದ ಭಾಗಿಸಿದರೆ 140. ಅಷ್ಟು ಭಾರವನ್ನು ಸೈಕಲ್ಲೇ ಹಿಚ್ಚಿನಿಂದ ಕದಿಯುತ್ತಿವೆ. ನೀರು ನಾಲ್ಕು ಅಡಿ ಹಿಂದೆ ಇದ್ದರೆ ಇನ್ನೊಂದು 90. ಸೈಕಲ್ಲು ಪಿಕಪ್ಪಿನ ಬೆಡ್ಡಿಗೆ ಹಾಕಿ, ಟ್ಯಾಂಕ್ ಖಾಲಿ ಮಾಡಿ, ಮತ್ತೆ ತೂಗಿಸಿ. 24 ಗಂಟೆಯೊಳಗೆ ಹೋದರೆ ಕಮ್ಮಿ ದುಡ್ಡಿಗೆ ತೂಗುತ್ತಾರೆ. ಬಾಗಿಲ ಕಂಬದ ಮೇಲೆ ಪಿಕಪ್ಪಿನ ಒಟ್ಟು ಮಿತಿ ಎಷ್ಟಿದೆ ಅದನ್ನೂ ನೋಡಿ. 11,000 ಎಳೆಯುತ್ತದೆ ಅನ್ನುವುದು ಬೇರೆ, ಬೆನ್ನ ಮೇಲೆ ಎಷ್ಟು ಹೊರುತ್ತದೆ ಅನ್ನುವುದು ಬೇರೆ. ಹಾಫ್ ಟನ್ನಿನಲ್ಲಿ ಎಷ್ಟೋ ಸಲ ಎರಡನೆಯದೇ ಮೊದಲು ಮುಗಿಯುತ್ತದೆ.

ಶರಾವತಿ
ಇನ್ನೊಂದು ಮಾತು. ಆ ಚೌಕದ ಬಂಪರ್ ಒಳಗೆ ಸೂಯರ್ ಪೈಪ್ (ಕೊಳೆ ನೀರು ಬಿಡುವ ಪೈಪ್) ಇಡುತ್ತೀರಲ್ಲ, ಅದು ಅಷ್ಟಕ್ಕೇ ಮಾಡಿದ ತೆಳು ಕಬ್ಬಿಣ. ಸೈಕಲ್ ಹೊರಲು ಅಲ್ಲ. ಚಾಸಿಗೆ ಬೆಸುಗೆ ಹಾಕಿರುವ ಎರಡೂ ಮೂಲೆಗಳನ್ನು ಟಾರ್ಚ್ ಹಾಕಿ ನೋಡಿ. ಬಣ್ಣ ಕೂದಲೆಳೆಯಷ್ಟು ಬಿರುಕು ಬಿಟ್ಟು ಅಲ್ಲಿಂದ ತುಕ್ಕು ನೀರು ಇಳಿದ ಗೆರೆ ಕಂಡರೆ, ಬೆಸುಗೆ ಬಿಡುತ್ತಿದೆ ಅಂತಲೇ ಅರ್ಥ. 580ರಲ್ಲಿ ರ‍್ಯಾಕ್ ಕಳಚಿ ಬಿದ್ದರೆ ಹಿಂದೆ ಬರುವವರ ಗತಿ ಏನು?

ಬಯಲುಸೀಮೆ ಡ್ರೈವರ್
ಲೆಕ್ಕ ಒಪ್ಪಿದೆ. ಆದರೂ ಎಲ್‌ಟಿ ಟೈರ್ ಹಾಕಿಸಿ ಅಂತಲೇ ಹೇಳುತ್ತೇನೆ.

ತುಂಗಾತೀರ
ಬಲಗಡೆ ಮೂಲೆಯಲ್ಲಿ ಮೇಡಂ ಹೇಳಿದ ಹಾಗೆ ಗೆರೆ ಇದೆ. ರ‍್ಯಾಕ್ ತೆಗೆದು ಹಾಕಿದೆ.

ಸೈಕಲ್ ಬೆಡ್ಡಲ್ಲಿ, ಟ್ಯಾಂಕ್ ಖಾಲಿ. ಪಿಕಪ್ ಒಂದೇ 6,180. ಟ್ರೇಲರ್ ಸಮೇತ ಪಿಕಪ್ 6,880, ಟ್ರೇಲರ್ ಆಕ್ಸಲ್ 5,000. ಟಂಗ್ 700, ಒಟ್ಟು 5,700, ಅಂದರೆ 12 ಪರ್ಸೆಂಟ್ ಚಿಲ್ಲರೆ. ಪಿಕಪ್ಪಿನ ಮಿತಿ 7,000. ಅದೇ ದಾರಿಯಲ್ಲಿ 55ರಲ್ಲಿ ಹೋಗಿ ಬಂದೆ, ಗಾಳಿಯೂ ಚೆನ್ನಾಗಿಯೇ ಇತ್ತು. ಲಾರಿ ಹಾದಾಗ ಒಮ್ಮೆ ತಳ್ಳುತ್ತದೆ, ತಕ್ಷಣ ನೆಟ್ಟಗಾಗುತ್ತದೆ.

ಆದರೆ ಮನೆಗೆ ಬಂದು ನೋಡಿದರೆ ಟ್ರೇಲರಿನ ಎಡಗಡೆ ಹಿಂದಿನ ಚಕ್ರದ ಹಬ್ (ಚಕ್ರದ ನಡುಭಾಗ) ಸುಡುತ್ತಿತ್ತು. ಉಳಿದ ಮೂರು ಬೆಚ್ಚಗಿವೆ ಅಷ್ಟೇ. ಇದು ಹಿಂದೆಯೂ ಆಗಿತ್ತು, ಬ್ರೇಕ್ ಬಿಸಿ ಅಂತ ಸುಮ್ಮನಿದ್ದೆ.

ಕಬ್ಬಿನಗದ್ದೆ
700 ತುಂಬಾ ಒಳ್ಳೆಯದು. ಆದರೆ 7,000ಕ್ಕೆ 120 ಪೌಂಡ್ ಮಾತ್ರ ಬಾಕಿ, ಬೆಡ್ಡಿಗೆ ಇನ್ನೇನೂ ಹಾಕಬೇಡಿ. ಈಗ ಬಾರ್ ಹಾಕಿ, ಡೀಲರ್ ಮಾಡಿದ್ದನ್ನು ಮರೆತು ಹೊಸದಾಗಿ ಹೊಂದಿಸಿ, ಹಿಂದಿನ ಆಕ್ಸಲ್ಲಿನ ಮಿತಿಯನ್ನೂ ಸ್ಕೇಲಲ್ಲೇ ನೋಡಿಕೊಳ್ಳಿ. ಎಲ್ಲಾದರೂ ಮತ್ತೆ ಸ್ವೇ ಬಂದರೆ ಪಿಕಪ್ಪಿನ ಬ್ರೇಕ್ ಒತ್ತಬೇಡಿ, ಸ್ಟೀರಿಂಗ್ ತಿರುಗಿಸಿ ಅದರ ಹಿಂದೆ ಓಡಬೇಡಿ. ಸ್ಟೀರಿಂಗ್ ನೆಟ್ಟಗೆ, ಆಕ್ಸಿಲರೇಟರ್ ಬಿಡಿ, ಬ್ರೇಕ್ ಕಂಟ್ರೋಲರಿನ ಕೈ ಲಿವರ್ ಒತ್ತಿ ಟ್ರೇಲರಿನ ಬ್ರೇಕನ್ನು ಮಾತ್ರ ಹಿಡಿಸಿ. ಲಿವರ್ ಎಲ್ಲಿದೆ ಅಂತ ಮನೆಯವರಿಗೂ ತೋರಿಸಿಡಿ.

ಶರಾವತಿ
ಹಬ್ ಒಂದೇ ಸುಡುವುದು ಮಾಮೂಲು ಅಲ್ಲ. ಬೇರಿಂಗ್, ಇಲ್ಲವೇ ಆ ಒಂದು ಬ್ರೇಕ್ ಕಚ್ಚಿಕೊಂಡಿದೆ. ಜಾಕ್ ಹಾಕಿ ಚಕ್ರ ತಿರುಗಿಸಿ, ಕಿವಿ ಕೊಟ್ಟು ಕೇಳಿ. ಆಮೇಲೆ ಮೇಲೆ ಒಂದು ಕೈ ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿ. ಕಟಕಟ ಅಂದರೆ ಬೇರಿಂಗ್. ಕಡೆಯ ಸಲ ಗ್ರೀಸ್ ಯಾವಾಗ?

ಡಲ್ಲಾಸ್ ಗೌಡ
ಆಕ್ಸಲ್ ಕೆಳಗೇ ಜಾಕ್ ಇಟ್ಟರೆ ಸುಲಭ.

ಶರಾವತಿ
ಬೇಡ ಗೌಡ್ರೇ, ದಯವಿಟ್ಟು ಹಾಗೆ ಹೇಳಿಕೊಡಬೇಡಿ. ಆಕ್ಸಲ್ ಕೊಳವೆ ಬಾಗಿದರೆ ಟೈರ್ ಒಂದೇ ಕಡೆ ಸವೆಯುತ್ತದೆ. ಚಾಸಿ ಕೆಳಗೆ ಇಡಬೇಕು, ಜಾಕ್ ಸ್ಟ್ಯಾಂಡ್ ಜೊತೆಗೆ.

ತುಂಗಾತೀರ
ಚಾಸಿ ಕೆಳಗೇ ಇಟ್ಟು ಬಿಚ್ಚಿದೆ. ಗ್ರೀಸ್ ಈ ವಸಂತದಲ್ಲೇ ಒಂದು ಅಂಗಡಿಯಲ್ಲಿ ಹಾಕಿಸಿದ್ದು, ಗನ್ನಲ್ಲಿ ಹಬ್ಬಿನ ಮುಂದಿನ ನಿಪ್ಪಲ್ಲಿಗೆ. ಡ್ರಮ್ ಎಳೆದರೆ ಒಳಗೆಲ್ಲ ಗ್ರೀಸ್, ಬ್ರೇಕ್ ಶೂ ಕಪ್ಪಗೆ ತೊಯ್ದು ಹೋಗಿದೆ. ಬೇರಿಂಗ್ ನೀಲಿ ಬಣ್ಣಕ್ಕೆ ತಿರುಗಿದೆ. ಬ್ರೇಕ್ ಕ್ಲೀನರ್ ಹೊಡೆದು ಶೂ ಅದೇ ಹಾಕಬಹುದಾ?

ಶರಾವತಿ
ಶೂ ಉಳಿಯುವುದಿಲ್ಲ, ಗ್ರೀಸ್ ಒಳಗೆ ಇಳಿದಿರುತ್ತದೆ, ಎಷ್ಟು ತೊಳೆದರೂ ಬಿಸಿಯಾದಾಗ ಮತ್ತೆ ಹೊರಗೆ ಬರುತ್ತದೆ. ಗನ್ನಲ್ಲಿ ಜೋರಾಗಿ ಒತ್ತಿದಾಗ ಹಿಂದಿನ ಸೀಲ್ ಹಾರಿ ಹೋಗಿದೆ. ಆ ನಿಪ್ಪಲ್ಲಿಗೆ ಚಕ್ರ ತಿರುಗಿಸುತ್ತಾ ನಿಧಾನವಾಗಿ ಹಾಕಬೇಕು. ಅದಕ್ಕಿಂತ ವರ್ಷಕ್ಕೊಮ್ಮೆ, ಇಲ್ಲ 12,000 ಮೈಲಿಗೊಮ್ಮೆ, ಬಿಚ್ಚಿ ಕೈಯಲ್ಲೇ ತುಂಬುವುದು ಮೇಲು. ಬೇರಿಂಗ್ ನೀಲಿ ಆಗಿದೆ ಅಂದರೆ ಸುಟ್ಟಿದೆ, ಅದು ಕೂರುವ ರೇಸನ್ನೂ ಸೇರಿಸಿ ಬದಲಿಸಿ. ಸ್ಪಿಂಡಲ್ (ಬೇರಿಂಗ್ ಕೂರುವ ಆಕ್ಸಲ್ ತುದಿ) ಮೇಲೆ ಬೆರಳಾಡಿಸಿ, ಗೀರು ಸಿಕ್ಕರೆ ಅಂಗಡಿಗೆ ಒಯ್ಯಿರಿ.

ವಾಪಸ್ ಹಾಕುವಾಗ ಚಕ್ರ ತಿರುಗಿಸುತ್ತಾ ನಟ್ಟನ್ನು 50 ಫುಟ್ ಪೌಂಡ್ ಬಿಗಿ ಮಾಡಿ, ಸಡಿಲಿಸಿ, ಮತ್ತೆ ಬರೀ ಬೆರಳಲ್ಲಿ ಬಿಗಿ ಮಾಡಿ ಹೊಸ ಪಿನ್ ಹಾಕಿ. ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಲ್ಲೇ ಹಾಕಿ, 10, 25, 50 ಮೈಲಿ ಆದ ಮೇಲೆ ನಿಲ್ಲಿಸಿ ಮತ್ತೆ ನೋಡಿ.

ತುಂಗಾತೀರ
ಎಡಗಡೆಯದು ಮಾತ್ರ ತರಿಸಿದರೆ ಸಾಕಾ, ಎರಡೂ ಕಡೆಯದೂ ಬೇಕಾ ಅಕ್ಕಾ?

ಶರಾವತಿ
ಬ್ರೇಕ್ ಅದೇ ಆಕ್ಸಲ್ಲಿನ ಎರಡೂ ಕಡೆಯದು. ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೆಯದು ಇದ್ದರೆ ಒತ್ತಿದಾಗ ಪಕ್ಕಕ್ಕೆ ಎಳೆಯುತ್ತದೆ. ಶೂ, ಮ್ಯಾಗ್ನೆಟ್, ಹಿಂದಿನ ಪ್ಲೇಟ್ ಎಲ್ಲ ಸೇರಿದ ಪೂರ್ತಿ ಸೆಟ್ಟೇ ಸಿಗುತ್ತದೆ, ನಾಲ್ಕು ಬೋಲ್ಟು, ಎರಡು ವೈರು ಅಷ್ಟೇ ಕೆಲಸ. ನಿಮ್ಮದು 3,500 ಪೌಂಡಿನ ಆಕ್ಸಲ್ ಆದರೆ ಸಾಮಾನ್ಯವಾಗಿ 10 ಇಂಚು, ಅಗಲ ಎರಡೂ ಕಾಲು. ಎಡಗಡೆಯದು ಬೇರೆ, ಬಲಗಡೆಯದು ಬೇರೆ, ಆರ್ಡರ್ ಮಾಡುವಾಗ ನೋಡಿಕೊಳ್ಳಿ. ಬಲಗಡೆ ಡ್ರಮ್ಮನ್ನೂ ಬಿಚ್ಚಿ ನೋಡಿ, ಅದೇ ಅಂಗಡಿಯವರೇ ಅಲ್ವಾ ನಾಲ್ಕಕ್ಕೂ ಗ್ರೀಸ್ ಹಾಕಿದ್ದು.