ನಾಕ್ ಸೆನ್ಸಾರ್ "ಹೋಗಿದೆ" ಅಂದ್ರೆ ಏನು ಹೋಗಿದೆ?

ಎಲ್ಲರಿಗೂ ನಮಸ್ಕಾರ. ಮೂರು ನಾಲ್ಕು ಪದಗಳ ಬಗ್ಗೆ ಕೇಳಬೇಕಿತ್ತು. ಅದಕ್ಕೆ ಮೊದಲು ನನ್ನ ಕಾರಿನ ಕತೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಯಾಕೆ ಕೇಳ್ತಿದ್ದೀನಿ ಅನ್ನೋದು ಗೊತ್ತಾಗಲ್ಲ.

ಹೋದ ಮಳೆಗಾಲದಲ್ಲಿ ನನ್ನ ಪೆಟ್ರೋಲ್ ಕಾರಿನ ಮೀಟರಲ್ಲಿ ಇಂಜಿನ್ ಲೈಟ್ ಹತ್ತಿಕೊಂಡಿತು. ಪಿಕಪ್ ಸ್ವಲ್ಪ ಕಮ್ಮಿ ಅನ್ನಿಸುತ್ತಿತ್ತು, ಬೇರೆ ಏನೂ ತೊಂದರೆ ಇರಲಿಲ್ಲ. ಗ್ಯಾರೇಜಲ್ಲಿ ಸ್ಕ್ಯಾನರ್ ಹಾಕಿದರು, ಪಿ0325 ಅನ್ನೋ ತೊಂದರೆಯ ನಂಬರು ಬಂತು. "ನಾಕ್ ಸೆನ್ಸಾರ್ ಹೋಗಿದೆ ಸಾರ್" ಅಂದರು. ಇಂಜಿನ್ನಿನಲ್ಲಿ ನಾಕಿಂಗ್ ಸದ್ದು ಬರ್ತಿದೆಯಾ ಅಂತ ಕೇಳಿಸಿಕೊಂಡು ಇಂಜಿನ್ನಿನ ಕಂಪ್ಯೂಟರಿಗೆ (ಇಸಿಯು) ತಿಳಿಸುವ ಭಾಗ ಅದು. ಹೊಸದು ಹಾಕಿಸಿದೆ. ನಾಲ್ಕು ದಿನಕ್ಕೆ ಮತ್ತೆ ಅದೇ ಲೈಟು, ಅದೇ ನಂಬರು. ಕೊನೆಗೆ ಪರಿಚಯದ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ವೈರ್ ಹಿಡಿದುಕೊಂಡೇ ಹೋಗಿ ನೋಡಿದರೆ, ಒಂದು ಕಡೆ ಇಲಿ ಕಡಿದು ಹಾಕಿತ್ತು. ಸೆನ್ಸಾರ್ ಹೋಗಿರಲಿಲ್ಲ, ನನ್ನ ದುಡ್ಡು ಹೋಗಿತ್ತು.

ಆ ನಂಬರಿನ ಪೂರ್ತಿ ಹೆಸರು "ನಾಕ್ ಸೆನ್ಸಾರ್ ಸರ್ಕ್ಯೂಟ್". ಕೊನೆಯ ಪದವನ್ನು ಎಲ್ಲರೂ ನುಂಗಿಬಿಟ್ಟಿದ್ದೆವು. ನಮ್ಮ "ಹೋಗಿದೆ" ಕೂಡ ಇದರಲ್ಲಿ ಪಾಲುದಾರ ಅಂತ ನನಗೆ ಅನುಮಾನ. ಬಲ್ಬ್ ಹೋಗಿದೆ ಅಂದರೆ ಹಾಳಾಗಿದೆ, ಎಸೆಯಬೇಕು. ಕರೆಂಟ್ ಹೋಗಿದೆ ಅಂದರೆ ಬರ್ತಾ ಇಲ್ಲ, ಕಾಯಬೇಕು. ಸೆನ್ಸಾರ್ ಹೋಗಿದೆ ಅಂದಾಗ ನಾವು ಬಲ್ಬಿನ ಅರ್ಥ ಹಿಡಿದೆವು. ನಿಜವಾಗಿ ಅದು ಕರೆಂಟಿನ ಅರ್ಥ, ಅಂದರೆ ಸೆನ್ಸಾರಿನ ಸುದ್ದಿ ಇಸಿಯುಗೆ ಬರ್ತಾ ಇಲ್ಲ ಅಂತ.

ಈಗ ಅದೇ ಎಲೆಕ್ಟ್ರಿಷಿಯನ್ ತಮ್ಮ ಅಂಗಡಿಯ ಹುಡುಗರಿಗೆ ಕನ್ನಡದಲ್ಲಿ ಒಂದು ಪುಟದ ಟಿಪ್ಪಣಿ ಬರೆದುಕೊಡಿ ಅಂತ ಕೇಳಿದ್ದಾರೆ. ಬರೆಯಲು ಕೂತೆ, ಮೊದಲ ಸಾಲಲ್ಲೇ ಸಿಕ್ಕಿಹಾಕಿಕೊಂಡೆ.

ಸರ್ಕ್ಯೂಟ್‌ಗೆ ಶಾಲೆಯ ಪುಸ್ತಕದಲ್ಲಿ ವಿದ್ಯುನ್ಮಂಡಲ ಅಂತ ಓದಿದ್ದೇವೆ. ಸೆನ್ಸಾರ್‌ಗೆ ಸಂವೇದಕ. ತಪ್ಪೇನಿಲ್ಲ, ಆದರೆ ಕೈಗೆ ಗ್ರೀಸ್ ಮೆತ್ತಿಕೊಂಡ ಹುಡುಗ "ಸಂವೇದಕದ ಮಂಡಲ" ಅಂತ ಓದಿದರೆ ಪೂಜೆಗೆ ರಂಗೋಲಿ ಹಾಕಬೇಕೇನೋ ಅಂದುಕೊಂಡಾನು. ಅವರ ಬಾಯಲ್ಲಿ ಆಗಲೇ ಒಂದು ಪದ ಇದೆ: ಲೈನ್. "ಹಾರ್ನ್ ಲೈನ್ ಚೆಕ್ ಮಾಡು", "ಲೈನ್ ಕಟ್ ಆಗಿದೆ" ಅನ್ನುತ್ತಾರೆ. ಸೆನ್ಸಾರ್, ಅದರ ಕಪ್ಲರ್ (ವೈರ್ ಸಿಕ್ಕಿಸುವ ಪ್ಲಗ್), ವೈರ್, ವೈರಿನ ಮೇಲೆ ಸುತ್ತಿರುವ ಜಾಲರಿ, ಇಸಿಯುನ ಪಿನ್, ಎಲ್ಲಾ ಸೇರಿ ಒಂದು ಲೈನ್. ಪಿ0325 ಅಂದರೆ "ನಾಕ್ ಸೆನ್ಸಾರ್ ಲೈನಿನಲ್ಲಿ ತೊಂದರೆ" ಅಂತ ಬರೆದೆ. ಹೀಗೆ ಬರೆದಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು ಅಲ್ವಾ?

ಮುಂದಿನ ತೊಡಕು ಓಪನ್ (ಲೈನ್ ಕಡಿದಿರೋದು) ಮತ್ತು ಶಾರ್ಟ್ (ವೈರ್ ತಾಗಬಾರದ ಕಡೆ ತಾಗಿರೋದು). ಪುಸ್ತಕದಲ್ಲಿ ತೆರೆದ ಮಂಡಲ, ಮುಚ್ಚಿದ ಮಂಡಲ ಅಂತ ಇರುತ್ತದೆ. ಚಿಕ್ಕವನಿದ್ದಾಗ ಇದು ನನಗೆ ಯಾವಾಗಲೂ ಉಲ್ಟಾ ಹೊಡೆಯುತ್ತಿತ್ತು. ಗೇಟ್ ತೆರೆದರೆ ನೀರು ಹರಿಯುತ್ತೆ, ಮಂಡಲ ತೆರೆದರೆ ಕರೆಂಟ್ ಯಾಕೆ ನಿಲ್ಲುತ್ತೆ? ಮೊನ್ನೆ ಟಿಪ್ಪಣಿ ಬರೆಯುವಾಗ ಹೊಳೆಯಿತು, ನಮ್ಮ ಮನೆಮಾತಲ್ಲಿ ಇದು ಸರಿಯಾಗೇ ಇದೆ. ಬಾಗಿಲು ತೆಗಿ ಅಂತೀವಿ, ಲೈಟ್ ತೆಗಿ ಅಂತಲೂ ಅಂತೀವಿ. ಬಾಗಿಲು ಹಾಕು, ಲೈಟ್ ಹಾಕು. ಎರಡು ತುದಿ ಕೂಡಿದರೆ ಹಾಕಿದಂತೆ, ಬಿಟ್ಟರೆ ತೆಗೆದಂತೆ. ಬಾಗಿಲಿಗೂ ಸ್ವಿಚ್ಚಿಗೂ ಒಂದೇ ಜೋಡಿ! ಹೀಗಿರುವಾಗ ತೆರೆ-ಮುಚ್ಚು ಅನ್ನೋ ಗೊಂದಲ ಯಾಕೆ ಬೇಕಿತ್ತು? ಉತ್ತರ ಕರ್ನಾಟಕದ ಕಡೆ ಲೈಟ್ ಹಚ್ಚು ಅನ್ನುವುದನ್ನು ಕೇಳಿದ್ದೇನೆ, ಅಲ್ಲಿ ಈ ಲೆಕ್ಕ ಕೂಡಲಿಕ್ಕಿಲ್ಲ.

ಆದರೂ ಟಿಪ್ಪಣಿಯಲ್ಲಿ "ಲೈನ್ ಕಡಿದಿದೆ" ಅಂತಲೇ ಬರೆದೆ, ಅದರಲ್ಲಿ ಗೊಂದಲ ಇಲ್ಲ. ಶಾರ್ಟ್ ಮಾತ್ರ ಬೇರೆ ಕತೆ. ಗ್ಯಾರೇಜಲ್ಲಿ ಯಾವ ವೈರಿಂಗ್ ತೊಂದರೆ ಬಂದರೂ "ಶಾರ್ಟ್ ಆಗಿದೆ" ಅನ್ನುತ್ತಾರೆ, ಕಡಿದಿದ್ದರೂ ಶಾರ್ಟ್. ಈ ಸೆನ್ಸಾರಿನಲ್ಲಿ ಆ ವ್ಯತ್ಯಾಸ ಮುಖ್ಯ. ಪಿ0327 ಅಂದರೆ ಸಿಗ್ನಲ್ ಇರಬೇಕಾದ್ದಕ್ಕಿಂತ ಕಡಿಮೆ, ಪಿ0328 ಅಂದರೆ ಜಾಸ್ತಿ. ವೈರಿನ ಸಿಪ್ಪೆ ಸುಲಿದು ಇಂಜಿನ್ನಿಗೆ ತಾಗಿದರೆ ಸಿಗ್ನಲ್ ಅಲ್ಲೇ ಇಂಗಿಹೋಗುತ್ತೆ, ಕಡಿಮೆ ಅಂತ ತೋರಿಸುತ್ತೆ. ಅದಕ್ಕೆ "ವೈರ್ ಬಾಡಿಗೆ ತಾಗಿದೆ" ಅಂತ ಬರೆದೆ. ನನ್ನ ಹೆಂಡತಿ ಓದಿ, ವೈರನ್ನೂ ಬಾಡಿಗೆಗೆ ಕೊಡ್ತಾರಾ ಅಂದಳು. ಈಗ "ಅರ್ತ್ ಆಗಿದೆ" ಅಂತ ಬದಲಾಯಿಸಿದ್ದೇನೆ.

ಇಲ್ಲಿ ಇನ್ನೊಂದು ಮೋಸ ಇದೆ. ಈ ಸೆನ್ಸಾರಿನ ಒಳಗಿರೋದು ಒಂದು ಪೀಜೋ ಬಿಲ್ಲೆ. ಪೀಜೋ ಅನ್ನೋದು ಒತ್ತು ಅನ್ನುವ ಅರ್ಥದ ಗ್ರೀಕ್ ಪದದಿಂದ ಬಂದದ್ದು, ಒತ್ತಿದರೆ ವೋಲ್ಟೇಜ್ ಕೊಡುವ ವಸ್ತು. ಕರೆಂಟ್ ಅದರ ಮೂಲಕ ಹರಿಯಲ್ಲ. ಹಾಗಾಗಿ ಎಷ್ಟೋ ಗಾಡಿಗಳಲ್ಲಿ ಚೆನ್ನಾಗಿರುವ ಸೆನ್ಸಾರಿಗೇ ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಹಿಡಿದರೂ ಕಡಿದ ಲೈನಿನ ಹಾಗೆ ತೋರಿಸುತ್ತೆ. ಕೆಲವು ಕಂಪನಿಯವರು ಒಳಗೇ ಒಂದು ರೆಸಿಸ್ಟರ್ ಇಟ್ಟಿರುತ್ತಾರೆ. ಟೊಯೊಟಾದ ಹಲವು ಇಂಜಿನ್‌ಗಳಲ್ಲಿ 120 ರಿಂದ 280 ಕಿಲೋ ಓಮ್ ಬರಬೇಕು, ನಿಸ್ಸಾನ್‌ನ ಹಲವು ಗಾಡಿಗಳಲ್ಲಿ 532 ರಿಂದ 588. ಅಲ್ಲಿ ಮಾತ್ರ "ಕಡಿದಿದೆ" ಅಂದರೆ ನಿಜವಾಗಲೂ ಕಡಿದಿದೆ. ಆದ್ದರಿಂದ ಮೊದಲು ಎರಡೂ ಕಡೆ ಕಪ್ಲರ್ ಬಿಚ್ಚಿ ವೈರ್ ನೋಡಿ, ಕಪ್ಲರ್ ಒಳಗೆ ಹಸಿರು ಕಿಲುಬು ಹಿಡಿದಿದೆಯಾ ನೋಡಿ, ಆಮೇಲೆ ಮೀಟರನ್ನು ಎಸಿ ಮಿಲಿವೋಲ್ಟ್‌ಗೆ ಇಟ್ಟು ಸೆನ್ಸಾರ್ ಪಕ್ಕದ ಬ್ಲಾಕಿಗೆ ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಅಂತ ಬರೆದೆ. ಸೆನ್ಸಾರಿಗೇ ತಟ್ಟಬಾರದು. ಬೋಲ್ಟ್ ಟೈಟ್ ಮಾಡೋದಕ್ಕೂ ಲೆಕ್ಕ ಇದೆ, ಸಾಮಾನ್ಯವಾಗಿ 20 ನ್ಯೂಟನ್ ಮೀಟರ್ ಆಸುಪಾಸು, ಮಧ್ಯೆ ವಾಷರ್ ಹಾಕಬಾರದು.

ಈಗ ನಿಜವಾದ ತಲೆನೋವು, ನಾಕ್. "ತಟ್ಟು" ಅಂದರೆ ಮೇಲಿನ ಸಾಲು "ತಟ್ಟಿ ತಟ್ಟು ಸೆನ್ಸಾರ್ ನೋಡಿ" ಅಂತಾಗುತ್ತೆ. "ಬಡಿತ" ಅಂದರೆ ಹೃದಯದ ಡಾಕ್ಟರ ಹತ್ತಿರ ಹೋದ ಹಾಗೆ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ನಾಕಿಂಗ್ ಅನ್ನೋ ಪದವನ್ನು ನಾವು ಕನಿಷ್ಠ ಮೂರು ರೋಗಕ್ಕೆ ಬಳಸುತ್ತೇವೆ. ಟಾಪ್ ಗೇರಲ್ಲಿ ಗಾಡಿ ನಿಧಾನ ಆಗಿ ಗಕ್ ಗಕ್ ಅಂತ ಕುಲುಕಿದರೆ "ನಾಕಿಂಗ್ ಹೊಡೀತಿದೆ, ಗೇರ್ ಇಳಿಸು" ಅಂತಾರೆ. ಬೇರಿಂಗ್ ಸವೆದು ಇಂಜಿನ್ ಕೆಳಗಿಂದ ಡಬ್ ಡಬ್ ಅಂದರೂ ನಾಕಿಂಗ್. ಸೆನ್ಸಾರ್ ಕೇಳಿಸಿಕೊಳ್ಳೋಕೆ ಇರೋದು ಮೂರನೆಯದನ್ನು: ಕಿಡಿ ಹೊತ್ತಿಸಿದ ಬೆಂಕಿ ಇನ್ನೂ ಸಿಲಿಂಡರಿನ ಮೂಲೆ ಮುಟ್ಟುವ ಮೊದಲೇ ಅಲ್ಲಿ ಉಳಿದ ಪೆಟ್ರೋಲ್-ಗಾಳಿ ತಾನಾಗೇ ಸಿಡಿಯುವುದು. ಶಿರಾಡಿ ಘಾಟಿ ಹತ್ತುವಾಗ ಫುಲ್ ಲೋಡಲ್ಲಿ ಕಾಲೊತ್ತಿದರೆ ಹಳೆಯ ಗಾಡಿಗಳಲ್ಲಿ ತಗಡಿನ ಡಬ್ಬಿಯಲ್ಲಿ ಕಲ್ಲು ಕುಲುಕಿದ ಹಾಗೆ ಕೇಳುತ್ತಿತ್ತಲ್ಲ, ಅದು. ಆ ಸದ್ದು ಸಾಮಾನ್ಯವಾಗಿ 6-7 ಕಿಲೋಹರ್ಟ್ಸ್ ಸುತ್ತಮುತ್ತ ಇರುತ್ತದೆ, ಸಿಲಿಂಡರ್ ಅಗಲ ಆದಷ್ಟೂ ಇಳಿಯುತ್ತದೆ. ಇದಕ್ಕೆ "ಒಳಸಿಡಿತ" ಅಂತ ಒಂದು ಪದ ಕಟ್ಟಿದೆ. ಎಲೆಕ್ಟ್ರಿಷಿಯನ್ ಮುಖ ನೋಡಿದರೆ ಅಷ್ಟೇನೂ ಒಪ್ಪಿದ ಹಾಗೆ ಕಾಣಲಿಲ್ಲ.

ತಮಾಷೆ ಏನಂದರೆ, ಈ ಲೈನ್ ಕಡಿದ ಗಾಡಿಯಲ್ಲಿ ಸಾಮಾನ್ಯವಾಗಿ ನಾಕಿಂಗ್ ಸದ್ದೇ ಇರಲ್ಲ. ಇಸಿಯುಗೆ ಕಿವಿ ಕೇಳದೇ ಹೋದಾಗ ಅದು ಹೆದರಿ ಕಿಡಿಯನ್ನು ತಡ ಮಾಡಿಬಿಡುತ್ತೆ. ಪಿಕಪ್ ಬೀಳೋದು, ಮೈಲೇಜ್ ಇಳಿಯೋದು ಅದಕ್ಕೇ. ಇಲ್ಲೂ ಒಂದು ಪದದ ಗುಂಡಿ ಇದೆ. ಅಡ್ವಾನ್ಸ್‌ಗೆ "ಟೈಮಿಂಗ್ ಮುಂದಕ್ಕೆ" ಅಂತ ಬರೆದಿದ್ದೆ. ಆದರೆ ಮದುವೆ ಮುಂದಕ್ಕೆ ಹೋಯ್ತು ಅಂದರೆ ನಮಗೆ ತಡ ಆಯ್ತು ಅಂತ ತಾನೇ ಅರ್ಥ? ಇಂಜಿನ್ನಿನಲ್ಲಿ ಅಡ್ವಾನ್ಸ್ ಅಂದರೆ ಬೇಗ. ಪೂರ್ತಿ ಉಲ್ಟಾ. ಅದನ್ನು ಹೊಡೆದುಹಾಕಿ ಬೇಗ ಕಿಡಿ, ತಡ ಕಿಡಿ ಅಂತ ಮಾಡಿದೆ. ಇದಕ್ಕೆ ಮಾತ್ರ ಅಂಗಡಿಯಲ್ಲಿ ಎಲ್ಲರೂ ತಲೆ ಆಡಿಸಿದರು.

ಹಾಗಾಗಿ ಕೇಳೋದು ಇಷ್ಟು. ಲಾರಿ, ಟ್ರ್ಯಾಕ್ಟರ್, ಹಳೇ ಪೆಟ್ರೋಲ್ ಜೀಪ್ ಓಡಿಸಿದವರ ಮನೆಗಳಲ್ಲಿ ಈ ಡಬ್ಬಿ-ಕಲ್ಲಿನ ಸದ್ದಿಗೆ, ಬೇರಿಂಗ್ ಸದ್ದಿಗೆ, ಕುಲುಕಾಟಕ್ಕೆ ಬೇರೆ ಬೇರೆ ಪದ ಇದ್ದವಾ? ಮಂಗಳೂರು, ಹುಬ್ಬಳ್ಳಿ, ಕಲಬುರಗಿ ಕಡೆ ಶಾರ್ಟ್ ಆಗೋದಕ್ಕೂ ವೈರ್ ಕಡಿಯೋದಕ್ಕೂ ಬಾಯಿಮಾತಲ್ಲಿ ಫರಕು ಮಾಡ್ತಾರಾ? "ಒಳಸಿಡಿತ" ಇಷ್ಟ ಆಗದಿದ್ದರೆ ನೇರವಾಗಿ ಬೈದುಬಿಡಿ, ಸುಮ್ನೆ ನಾಕ್ ಅಂತಲೇ ಉಳಿಸಿಕೊಳ್ಳುತ್ತೇನೆ. ಸೋಮವಾರ ಪ್ರಿಂಟ್ ಹಾಕಿಸಬೇಕು.