ಸ್ಕೋಪಿನ ಮೇಲೆ ರಸಮಟ್ಟ: ಯಾವುದು, ಎಲ್ಲಿ?

ಪ್ರಶ್ನೆ (ತೀರ್ಥಹಳ್ಳಿಯಿಂದ):
ಪರವಾನಗಿ ಪಡೆದ ರೈಫಲ್‌ನಲ್ಲಿ ಗುರಿ ಅಭ್ಯಾಸ ಮಾಡುತ್ತೇನೆ. ಹತ್ತಿರದ ಗುರಿ ಸರಿಯಾಗಿಯೇ ಇದ್ದರೂ, ದೂರದ ಗುರಿಯಲ್ಲಿ ಗುಂಡುಗಳು ಗಾಳಿಯಿಲ್ಲದ ದಿನವೂ ಬಲಕ್ಕೆ ಸರಿಯುತ್ತಿವೆ. ಸ್ಕೋಪಿನ (ರೈಫಲ್ ಮೇಲಿನ ಗುರಿ ದುರ್ಬೀನಿನ) ಮೇಲೆ, ವಾಲಿಕೆಯನ್ನು ಗುಳ್ಳೆಯಿಂದ ತೋರಿಸುವ ರಸಮಟ್ಟ ಹಾಕಿದರೆ ಪ್ರಯೋಜನವಿದೆಯೇ? ಅದನ್ನು ಎಲ್ಲಿ ಕೂರಿಸಬೇಕು?

ಉತ್ತರ (ಶಿವಮೊಗ್ಗದಿಂದ):
ಖಂಡಿತ ಇದೆ. ದೂರ ಹೋದಂತೆ ಗುಂಡು ಕೆಳಗಿಳಿಯುವುದನ್ನು ಸರಿದೂಗಿಸಲು ಎತ್ತರದ ತಿದ್ದುಪಡಿ ಕೊಟ್ಟಾಗ ರೈಫಲ್ ಬಲಕ್ಕೆ ವಾಲಿದ್ದರೆ, ಆ ತಿದ್ದುಪಡಿಯ ಒಂದು ಪಾಲು ಬಲಕ್ಕೆ ಹೋಗುತ್ತದೆ. 1 ಮೀಟರ್ ತಿದ್ದುಪಡಿಯಲ್ಲಿ 3 ಡಿಗ್ರಿ ವಾಲಿಕೆಯು ಗುಂಡನ್ನು ಸುಮಾರು 5 ಸೆಂಟಿಮೀಟರ್ ಪಕ್ಕಕ್ಕೆ ಒಯ್ಯುತ್ತದೆ. ಮಲೆನಾಡಿನ ಇಳಿಜಾರಿನಲ್ಲಿ, ದಿಗಂತವೇ ಕಾಣದ ಕಡೆ, ಕಣ್ಣು ಗುಡ್ಡದ ಓರೆಯನ್ನೇ ಸಮತಲವೆಂದು ನಂಬುವುದರಿಂದ ಈ ದೋಷ ಸುಲಭವಾಗಿ ನುಸುಳುತ್ತದೆ.

ಸ್ಕೋಪಿನ ಕೊಳವೆ 25.4, 30 ಅಥವಾ 34 ಮಿಲಿಮೀಟರ್ ಇರಬಹುದು. ಆ ಅಳತೆಗೆ ಸರಿಹೊಂದುವ ಬಿಗಿಪಟ್ಟಿಯಿರುವ ರಸಮಟ್ಟವನ್ನೇ ಕೊಳ್ಳಿ. ತಲೆ ಎತ್ತದೆ, ಗುರಿ ನೋಡದ ಕಣ್ಣಿಗೆ ಗುಳ್ಳೆ ಕಾಣುವಂತೆ, ಬೋಲ್ಟ್‌ಗೆ (ಗುಂಡು ತುಂಬಲು ಹಿಂದೆ ಮುಂದೆ ಎಳೆಯುವ ಭಾಗಕ್ಕೆ) ಅಡ್ಡಬಾರದ ಜಾಗದಲ್ಲಿ ಕೂರಿಸಿ.

ಉತ್ತರ (ಸಾಗರದಿಂದ):
ಜಾಗಕ್ಕಿಂತ ಹೊಂದಾಣಿಕೆ ಮುಖ್ಯವೆಂಬುದು ನನ್ನ ದೃಢ ಅಭಿಪ್ರಾಯ. ಗುಂಡು ತುಂಬಿಲ್ಲವೆಂದು ಖಚಿತಪಡಿಸಿಕೊಂಡು, ಗಾರೆಯವರ ತೂಗುಗುಂಡನ್ನು ದೂರದಲ್ಲಿ ನೇತುಹಾಕಿ, ಸ್ಕೋಪಿನೊಳಗಿನ ಲಂಬರೇಖೆಯನ್ನು ಆ ದಾರಕ್ಕೆ ಸರಿಹೊಂದಿಸಿದ ಬಳಿಕವೇ ಗುಳ್ಳೆಯನ್ನು ನಡುವಿಗೆ ತಂದು ತಿರುಪು ಬಿಗಿಯಬೇಕು. ಗಾಳಿಗೆ ದಾರ ಅಲುಗಾಡುವುದಾದರೆ ತೂಗುಗುಂಡನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಡಿ. ಅತಿಯಾಗಿ ಬಿಗಿದರೆ ಕೊಳವೆ ನಗ್ಗುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ನನ್ನ ಕೊಳವೆ 30 ಮಿಲಿಮೀಟರಿನದು; ಅದಕ್ಕೆ ಹೊಂದುವುದನ್ನೇ ತರಿಸುತ್ತೇನೆ.