ಸಹಾಯ ಬೇಕು: ಅಪ್ಪನ ಕೈಯ ಫಿಸ್ಟುಲಾ ಬಲಿಯುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾವು ಹಾಸನದವರು. ಅಪ್ಪನಿಗೆ 61 ವರ್ಷ, ಶುಗರ್ ಇದೆ. ವಾರಕ್ಕೆ ಮೂರು ಸಲ ಡಯಾಲಿಸಿಸ್, ಸದ್ಯ ಕುತ್ತಿಗೆಯ ರಕ್ತನಾಳಕ್ಕೆ ಹಾಕಿರುವ ಕೊಳವೆ, ಅಂದರೆ ಕ್ಯಾತಿಟರ್‌ನಲ್ಲೇ ನಡೆಯುತ್ತಿದೆ. ಅದರಿಂದ ಒಮ್ಮೆ ಸೋಂಕಾಗಿ ಚಳಿಜ್ವರ ಬಂದು ಐದು ದಿನ ಅಡ್ಮಿಟ್ ಆಗಿದ್ದರು. ಅದಕ್ಕೇ ಭಯ ಜಾಸ್ತಿ.

ಎರಡು ತಿಂಗಳ ಹಿಂದೆ ಎಡ ಮಣಿಕಟ್ಟಿನ ಹತ್ತಿರ ಅಪಧಮನಿಗೆ ಅಭಿಧಮನಿ ಸೇರಿಸಿ ಹೊಲಿದು ಫಿಸ್ಟುಲಾ ಮಾಡಿದರು. ರಕ್ತದ ರಭಸಕ್ಕೆ ಅಭಿಧಮನಿ ಹಿಗ್ಗಿ ಗಟ್ಟಿಯಾಗಬೇಕು, ಆಮೇಲೇ ಅದಕ್ಕೆ ಸೂಜಿ ಹಾಕಿ ಡಯಾಲಿಸಿಸ್ ಮಾಡುವುದು. ಮೊದಲ ವಾರ ಬೆರಳಿಟ್ಟರೆ ಮಲಗಿದ ಬೆಕ್ಕಿನ ಮೈ ಮುಟ್ಟಿದ ಹಾಗೆ ಗುರ್ ಅನ್ನುತ್ತಿತ್ತು. ಈಗ ಗಾಯದ ಪಕ್ಕ ಮಾತ್ರ, ಅದೂ ಸಣ್ಣಗೆ. ಅಪ್ಪ ದಿನಾ ಮೆತ್ತನೆ ಚೆಂಡು ಹಿಸುಕುತ್ತಾರೆ, ಪಾಪ, ಒಂದು ದಿನವೂ ತಪ್ಪಿಸಿಲ್ಲ. ಡಾಪ್ಲರ್‌ನಲ್ಲಿ (ರಕ್ತದ ಹರಿವು ನೋಡುವ ಸ್ಕ್ಯಾನ್) ಅಭಿಧಮನಿಯ ಅಗಲ 3.5 ಮಿ.ಮೀ. ಬಂದಿದೆ. ಸುಮಾರು 6 ಇದ್ದರೆ ಒಳ್ಳೆಯದು ಅಂತಾರಲ್ವಾ? ಜೋಡಣೆಯ ಹತ್ತಿರ ಕಿರಿದಾಗಿದೆಯಂತೆ.

ಬಲೂನ್ ಹಾಕಿ ಹಿಗ್ಗಿಸಬಹುದು, ಇಲ್ಲವೇ ಮೊಣಕೈ ಹತ್ತಿರ ಹೊಸ ಫಿಸ್ಟುಲಾ ಮಾಡಬಹುದು ಅಂತ ಸರ್ಜನ್ ಹೇಳಿದ್ದಾರೆ. ಕೃತಕ ಟ್ಯೂಬಿನ ಗ್ರಾಫ್ಟ್ ಬೇಗ ಬಳಕೆಗೆ ಬರುತ್ತದೆ, ಆದರೆ ಸೋಂಕು, ಹೆಪ್ಪುಗಟ್ಟುವುದು ಜಾಸ್ತಿ, ಅದು ಕೊನೆಗಿರಲಿ ಅಂದರು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಬಲೂನ್ ಮಾಡಿಸಿದ್ದೀರಾ? ಎಷ್ಟು ದಿನಕ್ಕೆ ಸೂಜಿ ಹಾಕಿದರು? ಮತ್ತೆ ಕಿರಿದಾಯಿತಾ? ಮೊಣಕೈ ಫಿಸ್ಟುಲಾ ಆದಮೇಲೆ ಬೆರಳು ತಣ್ಣಗಾಗುವುದು, ನೋವು ಬಂತಾ? ಶುಗರ್ ಇರುವವರ ಅನುಭವ ಇದ್ದರೆ ದಯವಿಟ್ಟು ಬರೆಯಿರಿ. ಗುರುವಾರ ಡಾಕ್ಟರಿಗೆ ಉತ್ತರ ಕೊಡಬೇಕು.